ಟವೆಲಿನ ಕೆಳಗಿನ ಮಾತು

ಹೋದ ತಿಂಗಳು ಹನೂರಿನಿಂದ ಕೊಳ್ಳೇಗಾಲಕ್ಕೆ ಬರುವ ಬಸ್ಸಿನಲ್ಲಿ, ಮುಂದಿನ ಸೀಟಿನವರ ಹೆಗಲ ಮೇಲೊಂದು ಟವೆಲಿತ್ತು. ಬೀಡಿ, ಕಡಲೆಕಾಯಿ ಹಿಂಡಿ, ಬೆವರು... ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದಿದ್ದೇ ದಲ್ಲಾಳಿ ಮಾವ ನೆನಪಾದರು. ದನದ ದಲ್ಲಾಳಿ. ನೆಂಟರೇನಲ್ಲ, ಅಜ್ಜೀಪುರದ ನಮ್ಮ ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು.

ಸಂತೆಯಲ್ಲಿ ಅವರು ಬೆಲೆಯನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಗಿರಾಕಿಯ ಕೈ ಹಿಡಿದು ಮೇಲೆ ಟವೆಲು ಹೊದಿಸುವರು. ಒಳಗೆ ಬೆರಳು ಒತ್ತಿ ಬೆಲೆ ಏರಿಸುವುದು, ಬೆರಳು ಬಿಟ್ಟು ಇಳಿಸುವುದು. ಹೊರಗೆ ಮಾತ್ರ ಮಳೆ, ಮೇವು ಅಂತ ಏನೇನೋ ಮಾತು. ಆಮೇಲೆ ಮಾರುವವನ ಜೊತೆಗೂ ಹಾಗೇ. ಆ ಬೆರಳ ಮಾತು ಗಂಡಸರಿಗಷ್ಟೇ. ಹೆಂಗಸರು ಮಾರಲು ಬಂದರೆ ಕೊನೆಗೆ ಒಂದು ಬೆಲೆ ಕಿವಿಗೆ ಬೀಳುತ್ತಿತ್ತು, ಅಷ್ಟೆ.

ಅಪ್ಪ ಬಿದ್ದು ಕಾಲು ಮುರಿದುಕೊಂಡಾಗ, ಆಪರೇಷನ್ನಿಗೆಂದು ಅವ್ವ ನಮಗಿದ್ದ ಒಂದೇ ಸೀಮೆ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಮಾವ ಒಬ್ಬ ಗಿರಾಕಿಯ ಕೈ ಹಿಡಿದು ಬಹಳ ಹೊತ್ತು ನಿಂತರು. ಗಿರಾಕಿ ನಮ್ಮ ಕಡೆ ನೋಡಿ ಹುಬ್ಬು ಹಾರಿಸಿದ. ಮಾವ ಕಣ್ಣು ಮಿಟುಕಿಸಿದರು... ಮಿಟುಕಿಸಿದರೋ, ಧೂಳು ಬಿತ್ತೋ, ಇವತ್ತಿಗೂ ನನಗೆ ಅನುಮಾನ. ಬಂದು ಅವ್ವನಿಗೆ ಹೇಳಿದ ಬೆಲೆ ಮಾತ್ರ ತೀರಾ ಕಡಿಮೆ.

"ಅಸ ಬಡಕಲು ಕಣವ್ವ. ಇದುಕ್ಕಿಂತ ಮೇಲೆ ಯಾರೂ ಬರಾಕಿಲ್ಲ."

ಅವ್ವ ಸೀದಾ ಅವರ ಟವೆಲಿನ ಕೆಳಗೆ ಕೈ ಹಾಕಿದಳು. "ಬೆರಳಲ್ಲೇ ಏಳಿ ಅಣ್ಣ, ಅವ್ರಿಗೆ ಏಳ್ದಂಗೆ."

ಮಾವ ಕೆಂಡ ಮುಟ್ಟಿದವರಂತೆ ಕೈ ಎಳೆದುಕೊಂಡರು. "ಇದೇನವ್ವಾ, ಗಂಡಸ್ರ ಯಾಪಾರ ಇದು!"

ಸುತ್ತಲಿದ್ದವರು ಗೊಳ್ಳೆಂದರು. "ಬುಡ್ಲಾ, ನಾಳೀಕೆ ಮೀಸೆನೂವೆ ಬುಟ್ಕಂಡು ಬತ್ತಳೆ!" ಎಂದನೊಬ್ಬ.

ಅವ್ವ ಹಸುವನ್ನು ಊರ ದಾರಿಗೆ ತಿರುಗಿಸಿದಳು. ನನಗೋ ಭಯ, ಅಪ್ಪನ ಕಾಲಿನ ಗತಿ ಏನು... ಸಂತೆ ದಾಟುವಷ್ಟರಲ್ಲಿ ಮಾವ ಹಿಂದೆಯೇ ಬಂದರು. ಜನರಿಲ್ಲದ ಕಡೆ ಅವರ ದನಿಯೇ ಬೇರೆ.

"ಒಂದ್ವಾರ ತಡಿ ತಾಯಿ. ಒಳ್ಳೆ ಗಿರಾಕೀನ ಮನೆ ತಾವ್ಕೇ ಕರ್ಕಂಡು ಬತ್ತೀನಿ."

ಮಾದಪ್ಪನ ದಯೆ, ಕರೆದುಕೊಂಡೇ ಬಂದರು. ಟವೆಲು ಹೆಗಲ ಮೇಲೇ ಇತ್ತು. ಎಲ್ಲರ ಎದುರಿಗೆ ಬಾಯಲ್ಲೇ ಬೆಲೆ ಹೇಳಿದರು. ಸಂತೆಯಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಮೇಲೆ.

ಅವ್ವ ಮಜ್ಜಿಗೆ ಕೊಡುತ್ತಾ, "ಅದೇ ಬಡಕಲು ಅಸ ಕಣಣ್ಣ, ಒಂದ್ವಾರಕ್ಕೆ ಮೈ ತುಂಬ್ಕತಾ?" ಎಂದಳು. ಮಾವ ಲೋಟ ಖಾಲಿ ಮಾಡಿ ಹಸುವಿನ ಹಗ್ಗ ಬಿಚ್ಚಲು ಎದ್ದರು.

ಅಪ್ಪ ಕುಂಟುತ್ತಲಾದರೂ ಓಡಾಡಿದ. ಅಷ್ಟು ಕೊಟ್ಟಿದ್ದಕ್ಕೆ ದೇವರಿಗೆ ದೀಪ ಹಚ್ಚಿದೆವು. ಆದರೆ ಮಾವ ಕರುಣೆಯಿಂದ ಬಂದರೋ, ಅವ್ವ ನಾಲ್ಕು ಜನರೆದುರು ಬಾಯಿ ಬಿಟ್ಟರೆ ತಮ್ಮ ಕಸುಬು ಕೆಡುತ್ತದೆಂದು ಬಂದರೋ... ಸಾಯುವವರೆಗೂ ಅವ್ವ ಅದನ್ನು ಬಿಡಿಸಿ ಹೇಳಲಿಲ್ಲ.

ಬಸ್ಸಿಳಿದು ತವರಿಗೆ ಫೋನು ಮಾಡಿದೆ. ಮಾವ ಹೋಗಿ ಆಗಲೇ ವರ್ಷವಾಯಿತಂತೆ. ಈ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಅವರ ಮನೆಯ ಬಾಗಿಲಿಗೂ ಹೋದೆ. ಮಾವನ ಹೆಂಡತಿ, ನಮಗೆಲ್ಲ ಅತ್ತೆ, ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡರು.

"ನಿಮ್ಮವ್ವ ಬಲೇ ಗಟ್ಟಿಗಿತ್ತಿ ಅಂತ ಏಳ್ತಾನೇ ಇದ್ರು ಕಣವ್ವ."

ಹಾಗೆ ಹೇಳುವಾಗ ಮಾವನ ಮುಖ ಹೇಗಿರುತ್ತಿತ್ತು, ಮೆಚ್ಚಿ ಹೇಳುತ್ತಿದ್ದರೋ ಆಡಿಕೊಂಡು ನಗುತ್ತಿದ್ದರೋ, ಕೇಳಿಯೇಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಪಕ್ಕ ಜಗಲಿಯ ಮೇಲೆ ಕೂತೆ.