ಟೈಪಮ್ಮನ ಕಿರುಬೆರಳು

ಕೈಗೆ ಬಳೆ ತಂದುಕೊಡುವ ಗಂಡಂದಿರನ್ನು ಆ ಬೀದಿಯವರು ಕಂಡಿದ್ದರು, ಕೈ ಎತ್ತುವ ಗಂಡಂದಿರನ್ನೂ ಕಂಡಿದ್ದರು. ಹೆಂಡತಿಯ ಕೈ ನೋಯುತ್ತದೆಂದು ಮನೆಯಲ್ಲಿ ಕೂತು ಎರಡು ಹೋಳಿನ ಕೀಬೋರ್ಡ್ ಮಾಡುವ ಗಂಡನನ್ನು ಮಾತ್ರ ಕಂಡಿರಲಿಲ್ಲ. "ಟೈಪಮ್ಮ ಪುಣ್ಯ ಮಾಡಿದ್ಲು ಬಿಡ್ರೀ" ಎನ್ನುತ್ತಿದ್ದರು ಎದುರುಮನೆಯವರು. ಮೇಲಿನ ಮಹಡಿಯ ತಾತನಂತೂ ಮೆಟ್ಟಿಲಿಳಿಯುವಾಗಲೆಲ್ಲ ಇವರ ಬಾಗಿಲಲ್ಲಿ ಇಣುಕಿ, "ಏನಪ್ಪಾ ಗರಗಸ, ಇವತ್ತು ಯಾವುದನ್ನ ಎರಡು ಹೋಳು ಮಾಡ್ದೆ?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಗಂಡನಿಗೆ ಗರಗಸ ಅನ್ನುವ ಹೆಸರು ಹಾಗೆಯೇ ನಿಂತುಬಿಟ್ಟಿತು. ಪಕ್ಕದ ಮನೆಯ ದರ್ಜಿ ಅಕ್ಕ ಒಬ್ಬಳು ಏನೂ ಹೇಳುತ್ತಿರಲಿಲ್ಲ. ಅವಳ ತುಟಿಗಳ ನಡುವೆ ಸದಾ ಒಂದು ಸೂಜಿ ಇರುತ್ತಿತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದಳು ಟೈಪಮ್ಮ.

ಟೈಪಮ್ಮ ಕೋರ್ಟಿನಲ್ಲಿ ಟೈಪಿಸ್ಟು. ಕಟಕಟೆಯಲ್ಲಿ ನಿಂತವನ ಬಾಯಿಂದ ಮಾತು ಉದುರಿದ್ದೇ ತಡ, ಅವಳ ಬೆರಳು ಅದನ್ನು ಹೆಕ್ಕಿಕೊಂಡಿರುತ್ತಿತ್ತು. ಅಳುವವರು, ತೊದಲುವವರು, ಒಂದೇ ಉಸಿರಿಗೆ ಹತ್ತು ಸುಳ್ಳು ಹೇಳುವವರು, ಯಾರ ಮಾತೂ ಅವಳ ಕೈಯಿಂದ ನುಣುಚಿಕೊಂಡದ್ದಿಲ್ಲ. ಟೈಪ್ ಮಾಡುವಾಗ ಕೀ ಎಲ್ಲಿದೆಯೆಂದು ಬಗ್ಗಿ ನೋಡುವುದೆಂದರೆ, ಉಣ್ಣುವಾಗ ಬಾಯಿ ಎಲ್ಲಿದೆಯೆಂದು ಕನ್ನಡಿ ನೋಡಿಕೊಂಡಷ್ಟು ನಾಚಿಕೆ ಅವಳಿಗೆ. ಓದಿದ್ದು ಅಷ್ಟಕ್ಕಷ್ಟೆ, ರೂಪ ಸಾಧಾರಣ, ನಾಲ್ಕು ಜನ ಸೇರಿದರೆ ನಾಲಿಗೆಯೇ ಹೊರಳದು. ಅದೇ ನಾಲ್ಕು ಜನರ ನಡುವೆ ತಲೆಯೆತ್ತಿ ಕೂರುವುದಕ್ಕೆ ಅವಳಿಗಿದ್ದ ಆಸ್ತಿ ಆ ಬೆರಳುಗಳು.

ಅವಕ್ಕೆ ಕೇಡು ಬಂತು. ಮಣಿಕಟ್ಟಿನಿಂದ ಮೊಣಕೈವರೆಗೆ ಉರಿ, ಹಿಡಿದ ಲೋಟ ಜಾರುವುದು. "ಚಪ್ಪಟೆ ಕೀಬೋರ್ಡಿನ ಮೇಲೆ ಎರಡೂ ಕೈ ಒಳಕ್ಕೆ ಸೊಟ್ಟ ಮಾಡ್ಕೊಂಡು ದಿನವೆಲ್ಲ ಕೂತ್ರೆ ಇನ್ನೇನಾಗುತ್ತಮ್ಮಾ?" ಅಂದರು ಡಾಕ್ಟರು.

ಗಂಡ ಆಫೀಸುಗಳ ಪ್ರಿಂಟರ್ ರಿಪೇರಿ ಮಾಡುವವನು, ಕೈಯಲ್ಲಿ ಕೆಲಸ ಬಲ್ಲವನು. ಕೀಬೋರ್ಡನ್ನು ನಡುವೆ ಸೀಳಿ, ಬಲಗೈಗೊಂದು ಎಡಗೈಗೊಂದು ಹೋಳು ಮಾಡಿ, ಎರಡನ್ನೂ ಭುಜದಗಲಕ್ಕೆ ದೂರ ಇಟ್ಟುಕೊಂಡರೆ ಮಣಿಕಟ್ಟು ನೆಟ್ಟಗಿರುತ್ತದೆಂದು ಎಲ್ಲೋ ತಿಳಿದುಕೊಂಡು ಬಂದ. ಊಟದ ಮೇಜಿನ ಮೇಲೆ ಕಂದು ಕಾಗದ ಹಾಸಿ ಅವಳ ಕೈ ಇರಿಸಿ, ಪೆನ್ಸಿಲಿನಿಂದ ಬೆರಳು ಬೆರಳಿನ ಸುತ್ತ ಗೆರೆ ಎಳೆದ. ಎಡಗೈ ಕಿರುಬೆರಳಿಗೆ ಬಂದಾಗ ನಿಂತ. ಅದು ಅವಳು ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಮೊಂಡಾದದ್ದು.

"ಈ ಕುಳ್ಳಪ್ಪನಿಗೆ ಎಲ್ಲರ ಸಾಲಲ್ಲಿ ಮನೆ ಬೇಡ ಕಣೇ. ಸ್ವಲ್ಪ ಕೆಳಗೆ ಬೇರೆ ಕಟ್ಟಿಕೊಡ್ತೀನಿ."

"ಬಾಡಿಗೆ ಏನು ತಗೋತೀರಿ?"

"ನೀನು ನೋವಿಲ್ಲದೆ ಟೈಪ್ ಮಾಡಿದ್ರೆ ಸಾಕು."

ಅವಳಿಗೆ ಕಚಗುಳಿಯಾಗಿ ಗೆರೆ ಒಂದು ಕಡೆ ನಡುಗಿತು. ಅಷ್ಟು ಒಳ್ಳೆಯ ಸಂಜೆ ಆ ಮನೆಗೆ ಮತ್ತೆ ಬರಲಿಲ್ಲ.

ಮೊದಲ ಕೀಬೋರ್ಡ್ ತಯಾರಾಯಿತು. ರಿಪೇರಿಗೆ ಹೋದಲ್ಲಿ ಗಂಡ ಅದನ್ನು ತೋರಿಸಿದ, ಅಲ್ಲಿನವನೊಬ್ಬ ಬಿಡದೆ ಕೊಂಡುಕೊಂಡ. "ಅದು ಒರಟು ಕಣೇ. ನಿನ್ನದನ್ನ ಇನ್ನೂ ನಯವಾಗಿ ಮಾಡ್ತೀನಿ" ಅಂದ. ಸರಿ ಅಂದಳು. ಒಬ್ಬ ಹೋಗಿ ಇನ್ನೊಬ್ಬನಿಗೆ ಹೇಳಿದ. ಪ್ರಿಂಟರ್ ಕೆಲಸ ಬಿಟ್ಟದ್ದಾಯಿತು. ನಡುಮನೆಯ ಗೋಡೆಗೆ ಯಾರು ಯಾರದೋ ಅಂಗೈಗಳ ಅಳತೆ ಕಾಗದಗಳು ಬಂದವು, ದಪ್ಪ ಬೆರಳಿನವು, ಉಗುರು ಬಿಟ್ಟವು. ಅಲ್ಲಿ ಮೊದಲೇ ಹೊಡೆದಿದ್ದ ಟೈಪಮ್ಮನ ಕಂದು ಕಾಗದದ ಮೇಲೆಯೇ ಒಂದರ ಮೇಲೊಂದು ಮೊಳೆ ಬಿದ್ದವು.

ಹೊಸ ಕೀಬೋರ್ಡಿನ ಸ್ಪ್ರಿಂಗುಗಳು ಮೊದಮೊದಲು ಬಿರುಸು. ಯಾರಾದರೂ ಕೂತು ಪಳಗಿಸಬೇಕು. ಅದೂ ಅಲ್ಲದೆ ಬಂದವರೆಲ್ಲ ತಮಗೆ ಬೇಕಾದ ಅಕ್ಷರ ತಮಗೆ ಬೇಕಾದ ಬೆರಳಿನ ಕೆಳಗೇ ಇರಬೇಕು ಅನ್ನುವವರು. ಒಬ್ಬನ ಕೀಬೋರ್ಡಿನಲ್ಲಿ ಹೆಬ್ಬೆರಳಿಗೆ ಬಿದ್ದ ಅಕ್ಷರ ಇನ್ನೊಬ್ಬನದರಲ್ಲಿ ಉಂಗುರಬೆರಳಿಗೆ. "ನಿನ್ನಷ್ಟು ಚುರುಕು ಕೈ ನಾನೆಲ್ಲಿಂದ ತರ್ಲಿ? ಒಂದು ಗಳಿಗೆ ಕೂತ್ಕೋ" ಅನ್ನುತ್ತಿದ್ದ ಗಂಡ. ಹೊಗಳಿಕೆ ಯಾರಿಗೆ ಕಹಿ? ಕೂತಳು. ಅಕ್ಷರಗಳ ಹೊಸ ಜಾಗ ಬೆರಳಿಗೆ ಹತ್ತುವವರೆಗೆ ಸಂಜೆಯೆಲ್ಲ ಕುಟ್ಟಿದಳು. ಅದು ಹತ್ತುವ ಹೊತ್ತಿಗೆ ಆ ಕೀಬೋರ್ಡ್ ಹೊರಟುಹೋಗುತ್ತಿತ್ತು, ಇನ್ನೊಂದು ಬರುತ್ತಿತ್ತು. 'ಕೋರ್ಟ್ ಟೈಪಿಸ್ಟ್ ಕೈಯಲ್ಲಿ ಪಳಗಿದ್ದು' ಎಂದು ಅವನು ಡಬ್ಬದ ಮೇಲೆ ಅಚ್ಚು ಹಾಕಿಸಿದ. ಹಗಲು ಕೋರ್ಟಿನ ಚಪ್ಪಟೆ ಕೀಬೋರ್ಡು, ಸಂಜೆ ಊರವರದು.

"ರೀ, ನನ್ನದು?"

"ಮುಂದಿನ್ದು ನಿನ್ದೇ."

ಒಂದು ದಿನ ದರ್ಜಿ ಅಕ್ಕ ಬಾಯಿಂದ ಸೂಜಿ ತೆಗೆದಳು. "ನಾನೂ ಊರವರ ಬಟ್ಟೆ ಹೊಲಿಯೋಳೇ ಕಣೆ. ಹಂಗಂತ ಅವರ ಬಟ್ಟೇನ ಮೊದ್ಲು ನನ್ನ ಮಗಳಿಗೆ ತೊಡಿಸಿ, ಸಡಿಲ ಮಾಡಿಸಿ ಕೊಡಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಅಂದ್ರೆ ನಿನ್ನ ಗಂಡನೇ."

"ನನ್ನದೂ ಮಾಡ್ತಿದಾರೆ ಅಕ್ಕಾ, ಮರದ್ದು" ಅಂದಳು ಟೈಪಮ್ಮ. ಸುಳ್ಳಲ್ಲ. ಕಪ್ಪು ಮರದ ಎರಡು ಹೋಳು ಕಿಟಕಿಯ ಕಟ್ಟೆಯ ಮೇಲೆ ಅರ್ಧಂಬರ್ಧ ಕೆತ್ತಿಸಿಕೊಂಡು ಕೂತಿದ್ದವು.

ಕೋರ್ಟಿನಲ್ಲಿ ಮೊದಲು ತಪ್ಪಿದ್ದು ಒಂದೇ ಅಕ್ಷರ. ಆಮೇಲೆ ಒಂದು ಪದ. ಕೊನೆಗೊಂದು ದಿನ, ಮಗನನ್ನು ಕಳೆದುಕೊಂಡ ಹೆಂಗಸೊಬ್ಬಳು ಕಟಕಟೆ ಹಿಡಿದು ತಡೆಯಿಲ್ಲದೆ ಹೇಳುತ್ತಿದ್ದಾಗ, ಟೈಪಮ್ಮ ತಿರುಗಿ ನೋಡುತ್ತಾಳೆ, ಪರದೆಯ ಮೇಲೆ ಯಾವ ಭಾಷೆಯೂ ಅಲ್ಲದ ಸಾಲುಗಳು. ಒಂದು ಬೆರಳು ಯಾವನದೋ ಕೀಬೋರ್ಡಿನ ದಾರಿ ಹಿಡಿದಿದೆ, ಪಕ್ಕದ್ದು ಇನ್ಯಾವಳದೋ ದಾರಿ. ಇಷ್ಟು ವರ್ಷಕ್ಕೆ ಮೊದಲ ಸಲ ಅವಳು ಬಗ್ಗಿ ಕೀ ಹುಡುಕಿದಳು. ಸಿಗಲಿಲ್ಲ.

"ತಾಯೀ, ಇನ್ನೊಂದ್ಸಲ ಹೇಳ್ತೀರಾ?" ಎಂದು ಕೇಳಿದಳು. ಆ ಹೆಂಗಸು ಮತ್ತೆ ಮೊದಲಿಂದ ಅತ್ತಳು.

ಜಡ್ಜ್ ಬಯ್ಯಲಿಲ್ಲ. "ಮೈಯಲ್ಲಿ ಹುಷಾರಿಲ್ವೇನಮ್ಮಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಅಭ್ಯಾಸ ಮಾಡೋಣವೆಂದರೆ ಮಣಿಕಟ್ಟು ಒಂದು ಪುಟಕ್ಕೇ ಊದಿಕೊಳ್ಳುತ್ತಿತ್ತು. ಅವಳನ್ನು ಹಳೆಯ ಫೈಲುಗಳ ಕೋಣೆಗೆ ಹಾಕಿದರು. ಅಲ್ಲಿ ಫೈಲಿನ ಕಟ್ಟುಗಳಿಗೆ ದಾರ ಸುತ್ತುವುದು, ಚೀಟಿ ಅಂಟಿಸುವುದು. ಅವಳ ಕುರ್ಚಿಯಲ್ಲಿ ಬೇರೊಬ್ಬಳು ಕೂತಳು.

ಗಂಡನಿಗೆ ಹೇಳಿದಾಗ ಅವನು ಸೋಲ್ಡರ್ ಬೆಸುಗೆಯ ಹೊಗೆಯಿಂದ ಮುಖ ಎತ್ತಲಿಲ್ಲ. "ಒಳ್ಳೇದೇ ಆಯ್ತು, ಹಗಲೊತ್ತು ಕೈಗೆ ವಿಶ್ರಾಂತಿ. ಸಂಜೆ ಒಂದೆರಡು ಹೆಚ್ಚಿಗೆ ಪಳಗಿಸಬಹುದು."

ಅದಾದ ಕೆಲವು ದಿನಕ್ಕೆ ಬಾಗಿಲು ಬಡಿದ ಸದ್ದು. ಗಂಡ ಹೊರಗೆ ಹೋಗಿದ್ದ. ತೆಗೆದರೆ, ಲೆಕ್ಕಪತ್ರ ನೋಡುವ ಯಜಮಾನರೊಬ್ಬರು ಕಂಕುಳಲ್ಲಿ ಡಬ್ಬ ಇಟ್ಟುಕೊಂಡು ನಿಂತಿದ್ದಾರೆ.

"ನಿಮ್ಮೋರು ಅರ್ಜೆಂಟಲ್ಲಿ ಕೊಟ್ಟಿದ್ರಮ್ಮ. ಯಾರ ಕೈಗಾದ್ರೂ ಕೂರುತ್ತೆ ಅಂದ್ರು. ಎಲ್ಲಾ ಸರಿ, ಎಡಗಡೆ ಮೂಲೆದೊಂದು ಕೀ ಕೆಳಕ್ಕೆ ಜಾರ್ಕೊಂಡಿದೆ ನೋಡಿ. ಕೆತ್ತೋವಾಗ ಕೈತಪ್ಪಿರಬೇಕು. ನನಗೆ ಬೇಡ."

ಡಬ್ಬ ಬಿಚ್ಚಿದಳು. ಕಪ್ಪು ಮರ. ಅವರು ಹೋದ ಮೇಲೆ ಬಾಗಿಲು ಹಾಕಿ, ಎರಡೂ ಹೋಳನ್ನು ಮೇಜಿನ ಮೇಲಿಟ್ಟು ಕೈ ಇರಿಸಿದಳು. ಹತ್ತೂ ಬೆರಳು ತೊಟ್ಟಿಲಲ್ಲಿ ಮಲಗಿದಂತೆ ಮಲಗಿದವು. ಕುಳ್ಳಪ್ಪ ತನ್ನ ಬೇರೆ ಮನೆಗೆ ಹೋಗಿ ಕೂತ. ನೋವು ಎಲ್ಲಿತ್ತೆಂದು ಹುಡುಕಬೇಕು, ಹಾಗೆ. ಸುಳ್ಳು ಹೇಳಿರಲಿಲ್ಲ ಅವಳ ಗಂಡ. ಮಾಡಿದ್ದ, ಮಾಡಿ ಮಾರಿದ್ದ.

ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ತನ್ನ ಹೆಸರು ಟೈಪ್ ಮಾಡಿದಳು. ಬರಲಿಲ್ಲ. ಕಣ್ಣುಮುಚ್ಚಿ ಮತ್ತೆ ಮಾಡಿದಳು. ಇನ್ನೇನೋ ಬಂತು.

ಆಗಲೇ ಗಂಡ ಒಳಗೆ ಬಂದವನು ಮರ ನೋಡಿ ಮೇಜಿನ ಹತ್ತಿರ ಬಂದ. "ವಾಪಸ್ ಬಂತಾ? ಬರ್ಲಿ ಬಿಡು, ನಿನಗೇ ಅಂತ ಮಾಡಿದ್ದಲ್ವಾ." ಭುಜದ ಮೇಲಿಂದ ಪರದೆ ನೋಡಿದ. "ಓ, ಅಕ್ಷರದ ಜೋಡಣೆ ಸರಿಯಿಲ್ಲ. ಒಂದು ಹೊಸಾ ಜೋಡಣೆ ಹಾಕ್ಕೊಡ್ತೀನಿ ತಾಳು."

ಟೈಪಮ್ಮ ತಂತಿ ಕಿತ್ತು ಎದ್ದಳು. ಮಾರನೆಯ ದಿನ ತಂಗಿಗೆ ಫೋನ್ ಮಾಡಿದಳು.

ಹೊರಟ ಬೆಳಿಗ್ಗೆ ಗಂಡ ಎಂದಿನಂತೆ ಮೇಜಿನ ಮುಂದಿದ್ದ, ಒಂದೊಂದೇ ಸ್ಪ್ರಿಂಗಿಗೆ ಪುಟ್ಟ ಕುಂಚದಲ್ಲಿ ಎಣ್ಣೆ ಸವರುತ್ತಿದ್ದ. ಹಿಂದಿನ ದಿನವೇ ಹೇಳಿದ್ದಳು, ತಂಗಿ ಮನೆಗೆ ಹೋಗ್ತೀನಿ, ಮತ್ತೆ ಬರಲ್ಲ ಅಂತ. ನಾಲ್ಕು ದಿನದ ಕೋಪವೆಂದು ಅವನು ನಂಬಿದ್ದ.

"ಆ ಮರದ್ದನ್ನಾದ್ರೂ ತಗೊಂಡು ಹೋಗೇ. ನಿನ್ನ ಕೈಗೆ ಎಷ್ಟು ಸರಿಯಾಗಿದೆ!"

"ಸರಿಯಾಗಿದೆ. ಆ ಕೈ ಈಗ ನನ್ನ ಹತ್ರ ಇಲ್ಲ."

ಗೋಡೆಯ ಹತ್ತಿರ ಹೋಗಿ ಊರವರ ಅಂಗೈಗಳನ್ನು ಒಂದೊಂದಾಗಿ ಎತ್ತಿ, ಎಲ್ಲಕ್ಕಿಂತ ಅಡಿಯಲ್ಲಿದ್ದ ಕಂದು ಕಾಗದ ಎಳೆದುಕೊಂಡಳು. ಕಚಗುಳಿಗೆ ನಡುಗಿದ ಗೆರೆ ಹಾಗೇ ಇತ್ತು. ಎಷ್ಟೋ ಮೊಳೆಗಳು ಅದರ ಮೈ ತೂತು ಮಾಡಿದ್ದವು.

"ಅದ್ಯಾಕೆ ಕೀಳ್ತೀಯಾ? ನಾಳೆ ಅಳತೆ ಬೇಕಾಗುತ್ತೆ."

"ಅದಕ್ಕೇ."

ಮಡಚಿ ಚೀಲದಲ್ಲಿಟ್ಟಳು. ಚೀಲ ಹಿಡಿಯಲು ಬೆರಳು ಒಪ್ಪಲಿಲ್ಲ, ಮೊಣಕೈಗೆ ತೂಗುಹಾಕಿಕೊಂಡಳು. ಬಾಗಿಲಿನ ಚಿಲಕ ಬಿಗಿ, ಎರಡು ಕೈಯಿಂದ ಎಳೆದು ಹಾಕಬೇಕು. ಸರಿಮಾಡಿಕೊಡಿ ಎಂದು ಅವಳು ಕೇಳುತ್ತಲೇ ಬಂದಿದ್ದಳು. ತೆರೆದಲ್ಲೇ ಬಿಟ್ಟು ಮೆಟ್ಟಿಲಿಳಿದಳು.

"ಬಾಗಿಲು ಹಾಕ್ಕೊಂಡು ಹೋಗೇ!" ಎಂದು ಒಳಗಿಂದ ಕೂಗಿದ. "ಧೂಳು ಬರುತ್ತೆ, ಸ್ಪ್ರಿಂಗೆಲ್ಲಾ ಹಾಳಾಗುತ್ತೆ!"