ಮೂಟೆಗೆ ಮೂಗಿಡುವ ಭದ್ರಮ್ಮ

ಪೀಣ್ಯದ ಕಾರ್ಖಾನೆಗಳ ಮೊದಲ ಸೈರನ್ನಿಗೆ ಇನ್ನೂ ಒಂದು ಗಂಟೆ ಇದೆ. ಜಾಲಹಳ್ಳಿಯ ವಠಾರದ ಹಿತ್ತಲಲ್ಲಿ ಭದ್ರಮ್ಮ ಕುಕ್ಕರಗಾಲಲ್ಲಿ ಕೂತು ಮರದ ಹೊಟ್ಟಿನ ಮೂಟೆ ಬಿಚ್ಚುತ್ತಾರೆ. ಮೇಲಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ತೆಗೆದು ಮೂಸುತ್ತಾರೆ. ಸಾಲದೆಂಬಂತೆ ಅದನ್ನೇ ಮಗಳು ಭಾಗ್ಯಮ್ಮನ ಮುಂದೆ ಹಿಡಿಯುತ್ತಾರೆ. ಬಲಗೆನ್ನೆಗೆ ಸೆರಗು ಎಳೆದುಕೊಂಡು ನಿಂತ ಭಾಗ್ಯಮ್ಮ ಮೂಸಿ, "ಊಂ, ತುಂಬವ್ವ" ಎನ್ನುತ್ತಾಳೆ.

"ಏನ್ ಭದ್ರಮ್ಮ, ಕಾಫಿಪುಡಿ ಕೊಳ್ಳೋಕೆ ಬಂದಿದೀರಾ ತಾಯಿ ಮಗಳು?" ಹಾಲಿನ ಪಾತ್ರೆ ಹಿಡಿದ ಮನೆಯೊಡತಿ ವೆಂಕಟಲಕ್ಷ್ಮಿ ರೇಗಿಸುತ್ತಾರೆ.

"ನಗ್ರಕ್ಕ, ನಗ್ರಿ. ನೀವು ನಗ್ತಿರ್ಲಿ ಅಂತ್ಲೇ ಮೂಸೋದು."

ತಗಡಿನ ಡಬ್ಬಿಯೇ ಒಲೆ. ಬುಡದ ತೂತಿನಿಂದ ಒಂದು ಕೋಲು ಅಡ್ಡಕ್ಕೆ, ನಡುವೆ ಇನ್ನೊಂದು ನೆಟ್ಟಗೆ. ಹೊಟ್ಟಿಗೆ ಕಡಲೆಕಾಯಿ ಸಿಪ್ಪೆಯ ಪುಡಿ ಬೆರೆಸಿ ಸುತ್ತ ಒತ್ತಿ ಒತ್ತಿ ತುಂಬುತ್ತಾರೆ. ಆಮೇಲೆ ಕೋಲುಗಳನ್ನು ಮೆಲ್ಲಗೆ ತಿರುವುತ್ತ ಹೊರಗೆಳೆದರೆ ಗಾಳಿಗೆ ದಾರಿಯಾಗುತ್ತದೆ. ಅವಸರ ಮಾಡಿದರೆ ಒಳಗೆಲ್ಲ ಕುಸಿದು ಮನೆ ತುಂಬ ಹೊಗೆ. ಸರಿಯಾಗಿ ತುಂಬಿದ ಒಲೆ ಒಂದು ತುಂಡು ಸೌದೆಯಿಲ್ಲದೆ ಅನ್ನ, ಸಾರು ಮುಗಿಸಿ ಸ್ನಾನದ ನೀರನ್ನೂ ಕಾಯಿಸುತ್ತದೆ. ಕೂಲಿಗೆ ದಿನಕ್ಕೆ ಹನ್ನೊಂದು ಮನೆ, ಹನ್ನೊಂದು ಒಲೆ. ಭದ್ರಮ್ಮನಿಗೀಗ ಐವತ್ತನಾಲ್ಕು.

ಹತ್ತು ವರ್ಷದ ಹಿಂದೆ, ಎಪ್ಪತ್ಮೂರರಲ್ಲಿ, ಕಾವಲಿನ ಕಾಡಿನಿಂದ ಸೌದೆ ಹೊರುತ್ತಿದ್ದರು. ಒಂದು ದಿನ ಗಾರ್ಡು ಕುಡುಗೋಲು, ಹಗ್ಗ ಎರಡನ್ನೂ ಕಿತ್ತುಕೊಂಡ. ಬರಿಗೈಲಿ ಬರುವಾಗ, ಮರದ ಪೆಟ್ಟಿಗೆ ಮಾಡುವ ಶೆಡ್ಡಿನ ಹಿಂದೆ ಹೊಟ್ಟಿನ ರಾಶಿಗೆ ಬೆಂಕಿ ಇಟ್ಟಿದ್ದು ಕಂಡಿತು. "ನಮ್ಮನೆ ಒಲೆ ತಣ್ಣಗೈತೆ, ಇದು ಯಾರ್ಗೂ ಬ್ಯಾಡ್ದೆ ಉರೀತೈತೆ. ಒಟ್ಟೆ ಉರೀತು ಕಣಮ್ಮ," ಎಂದು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾರೆ.

ಹೊಟ್ಟೆ ಉರಿಸಿದ ಆ ಕಸವೇ ಅನ್ನ ಕೊಟ್ಟಿತು. ಒಂದು ಮಳೆಗಾಲದವರೆಗೆ ಎಲ್ಲ ಸರಿಯಿತ್ತು.

ಐದು ವರ್ಷದ ಹಿಂದಿನ ಆ ಮಳೆಯಲ್ಲಿ ಶೆಡ್ಡಿನ ಹೊಟ್ಟು ನೆನೆದುಹೋಗಿತ್ತು. ಭದ್ರಮ್ಮ ಒಂದು ಲೇತ್ ವರ್ಕ್‌ಶಾಪಿನ ಹಿಂದೆ ಬಿದ್ದಿದ್ದ ಮೂಟೆ ತಂದರು. ಅದು ನೆಲದ ಮೇಲೆ ಚೆಲ್ಲಿದ ಎಣ್ಣೆ ಹೀರಲೆಂದು ಹರಡಿ, ಗುಡಿಸಿ ಎಸೆದ ಹೊಟ್ಟು. ನಸುಕಿನಲ್ಲಿ ಅದರ ಬಣ್ಣ ಕಾಣಲಿಲ್ಲ. ಮನೆಯ ಒಲೆಗೆ ತುಂಬಿದರು. ಭಾಗ್ಯಮ್ಮ ಬಗ್ಗಿ ಕಡ್ಡಿ ಗೀರಿದಳು.

"ವಾಸ್ನೆ ಬಂದಿತ್ತು ನಂಗೆ," ಎನ್ನುತ್ತಾರೆ ಭದ್ರಮ್ಮ. "ನೆಂದ ಗೋಣಿ ವಾಸ್ನೆ ಅಂದ್ಕೊಂಡೆ."

ಎಣ್ಣೆ ಭಗ್ಗನೆ ಹೊತ್ತಿ ಭಾಗ್ಯಮ್ಮನ ಕೆನ್ನೆಯಿಂದ ಕುತ್ತಿಗೆಯವರೆಗೆ ಸುಟ್ಟಿತು. ಶ್ರಾವಣಕ್ಕೆ ಮಾತಾಗಿದ್ದ ಮದುವೆ ಮುರಿಯಿತು. ಅಂದಿನಿಂದ ಭದ್ರಮ್ಮ ಮೂಸದೆ ಯಾವ ಮೂಟೆಯನ್ನೂ ಮುಟ್ಟಿಲ್ಲ.

ಆದರೆ ಹತ್ತು ವರ್ಷದ ಧೂಳು ಮೂಗನ್ನು ಬಿಡಲಿಲ್ಲ. ಕಳೆದ ಚಳಿಗಾಲದಿಂದ ಅವರಿಗೆ ಯಾವ ವಾಸನೆಯೂ ತಿಳಿಯದು. "ಮಲ್ಲಿಗೇನೂ ಒಂದೇ, ಸೀಮೆಎಣ್ಣೇನೂ ಒಂದೇ. ಅಭ್ಯಾಸಕ್ಕೆ ಮೂಸ್ತೀನಿ ಅಷ್ಟೆ." ಈಗ ಹನ್ನೊಂದು ಮನೆಯೂ ಭಾಗ್ಯಮ್ಮನ ಮೂಗನ್ನೇ ನಂಬಿವೆ. ಮೂಸುವ ಗಳಿಗೆ ಬಿಟ್ಟರೆ ಉಳಿದ ಹೊತ್ತೆಲ್ಲ ಮಗಳ ಮೂಗಿಗೆ ಒದ್ದೆ ಬಟ್ಟೆ ಕಟ್ಟಿರುತ್ತಾರೆ. "ಅವಳ್ದೂ ಓಯ್ತು ಅಂದ್ರೆ ಆವತ್ತೇ ನಿಲ್ಸ್ಬಿಡ್ತೀನಿ. ಉಪ್ವಾಸ ಇದ್ರೂ ಸೈ."

ಒಲೆ ಹಚ್ಚಲು ಮಾತ್ರ ಯಾರಿಗೂ ಬಿಡುವುದಿಲ್ಲ. ಪ್ರತಿ ಮನೆಯ ಮೊದಲ ಕಡ್ಡಿಯನ್ನೂ ಅವರೇ ಗೀರುತ್ತಾರೆ, ತಮ್ಮ ಮುಖವನ್ನೇ ಬಗ್ಗಿಸಿ. ಕೊನೆಯ ಮನೆಯಲ್ಲಿ ಭಾಗ್ಯಮ್ಮ ಹಿಂದಿನಿಂದ ತಾಯಿಯ ಸೆರಗು ಹಿಡಿದು ಜಗ್ಗುತ್ತಾಳೆ.

"ಮುಖ ಇಂದಕ್ಕೆ ತಗಿ ಅವ್ವ. ನಾನು ಮೂಸಿವ್ನಲ್ಲ?"

"ಮೂಸಿದೀಯ ಕಣೇ. ನೀನು ಆ ಕಡೆ ತಿರುಗು."

ಬೆಂಕಿ ಸದ್ದಿಲ್ಲದೆ ಹತ್ತಿಕೊಳ್ಳುತ್ತದೆ. ಭದ್ರಮ್ಮ ಕೈ ಕೊಡವಿಕೊಂಡು ಏಳುತ್ತಾರೆ. "ಐದು ವರ್ಷದಿಂದ ಯಾರ ಮನೆ ಮಗೀಗೂ ಏನೂ ಆಗಿಲ್ಲ. ಅಷ್ಟು ಬರ್ಕೊಳ್ಳಿ ಸಾಕು." ಎರಡು ಹೆಜ್ಜೆ ಹೋದವರು ಮತ್ತೆ ತಿರುಗುತ್ತಾರೆ. "ನನ್ ಮಗಳ ಎಸ್ರೂ ಬರ್ಕೊಳ್ಳಿ. ಮೂಗು ಅವಳ್ದು."