ಹೊಟ್ಟೆನೋವಿಗೊಬ್ಬ ಡಾಕ್ಟರನ್ನು ಹುಡುಕುತ್ತ

ಬೆಂಗಳೂರಿಗೆ ಬಂದ ಹೊಸತರಲ್ಲಿ ನನ್ನ ಹೊಟ್ಟೆನೋವಿಗೆ ಒಬ್ಬ ಡಾಕ್ಟರು ಮೈಗೆ ಹಚ್ಚಿಕೊಳ್ಳುವ ಲೋಷನ್ ಬರೆದುಕೊಟ್ಟರು. ನಾನು ಹೇಳಿದ್ದು ಇಷ್ಟೇ: “ಹೊಟ್ಟಿ ಭಾಳ ಕಡ್ಯಾಕತ್ತೈತ್ರಿ.” ನಮ್ಮ ವಿಜಯಪುರದಲ್ಲಿ ಹೀಗೆಂದರೆ ಹೊಟ್ಟೆ ಹಿಂಡಿದಂತೆ ನೋಯುತ್ತಿದೆ ಎಂದು ಮಕ್ಕಳಿಗೂ ತಿಳಿಯುತ್ತದೆ. ಈ ಕಡೆ ಕಡಿತವೆಂದರೆ ತುರಿಕೆ. ಹೊರಗೆ ಜನ ತುಂಬಿದ್ದರು. ನಾನು ಇನ್ನೊಂದು ಮಾತು ಹೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಔಷಧಿ ಅಂಗಡಿಯವನು ಸ್ನಾನ ಮಾಡಿ ಹಚ್ಚಿಕೊಳ್ಳಿ ಎಂದಾಗಲೇ ನನಗೆ ಗೊತ್ತಾದದ್ದು. ಕನ್ನಡ ನಾಡಿನಲ್ಲೇ ಕನ್ನಡದಲ್ಲೇ ಮಾತಾಡಿ, ನನ್ನ ನೋವು ಏನೆಂದು ತಿಳಿಸಲಾಗದೆ, ಬಾಟಲಿ ಹಿಡಿದು ಬನ್ನೇರುಘಟ್ಟ ರಸ್ತೆಯಲ್ಲಿ ನಿಂತಿದ್ದೆ.

ಯಜಮಾನರಿಗೆ ಬೀಜದ ಕಂಪನಿಯಲ್ಲಿ ಕೆಲಸ. ವರ್ಗವಾಗಿ ಬಂದು ಗೊಟ್ಟಿಗೆರೆಯಲ್ಲಿ ಮಹಡಿ ಮನೆ ಹಿಡಿದೆವು. ತಿಂಗಳಲ್ಲಿ ಅರ್ಧ ಅವರು ಊರೂರು ತಿರುಗುತ್ತಿರುತ್ತಾರೆ, ಮನೆಯಲ್ಲಿ ನಾನೊಬ್ಬಳೇ. ಕೆಳಗಡೆ ಮನೆ ಒಡತಿ ರತ್ನಮ್ಮ. ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಗಂಡ ತೀರಿಕೊಂಡಿದ್ದಾರೆ, ಮಗಳು ಸುಬ್ರಹ್ಮಣ್ಯಪುರದಲ್ಲಿದ್ದಾಳೆ. ನಾವು ಬಂದ ಮಾರನೆಯ ಬೆಳಿಗ್ಗೆ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಅವರು ಮೇಲೆ ಬಂದು, ಸ್ವಲ್ಪ ಮೆತ್ತಗೆ ತಟ್ಟಿದರೆ ಒಳ್ಳೆಯದು, ಕೆಳಗೆ ತಲೆ ಮೇಲೇ ಬಡಿದ ಹಾಗೆ ಕೇಳುತ್ತದೆ ಎಂದರು. ಬೈದದ್ದೇನಲ್ಲ. ಆದರೂ ಅವತ್ತು ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಹಳೆಯ ಕೌದಿ ಮಡಚಿಡುವಾಗ ನನಗೆ ಅಳು ಬಂತು. ಆಮೇಲೆ ನಮ್ಮಿಬ್ಬರ ಮಾತು ನೀರು ಬಿಡುವ ಹೊತ್ತು ಮತ್ತು ಕಸದ ಗಾಡಿಯನ್ನು ದಾಟಲಿಲ್ಲ.

ಊರಿನಲ್ಲಿ ಡಾಕ್ಟರನ್ನು ನಾವು ಹುಡುಕಿದ್ದೇ ಇಲ್ಲ. ನಮ್ಮ ಓಣಿಯ ಡಾಕ್ಟರಿಗೆ ನನ್ನ ಅವ್ವನ ಸಕ್ಕರೆ ಕಾಯಿಲೆ ಗೊತ್ತು, ಅಜ್ಜಿಯ ದಮ್ಮು ಗೊತ್ತು. ಬಾಗಿಲಲ್ಲಿ ಮುಖ ನೋಡಿಯೇ ಮತ್ತೆ ಉಪವಾಸ ಮಾಡಿದಿಯೇನು ಎಂದು ಗದರುತ್ತಿದ್ದರು. ಇಲ್ಲಿ ಮೊದಲು ಕೇಳುವುದು ಮೊಬೈಲ್ ನಂಬರು. ಲೋಷನ್ ಆದ ಮೇಲೆ ಬಿಳೇಕಹಳ್ಳಿಯ ಹತ್ತಿರ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆ. ಅಲ್ಲಿನ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಹರಕು ಹಿಂದಿಯಲ್ಲಿ ಹೇಳಿದ್ದಕ್ಕೆ ಗ್ಯಾಸ್ ಎಂದು ಮಾತ್ರೆ ಕೊಟ್ಟರು. ನೋವು ಹೋಗಲಿಲ್ಲ. ಎಣ್ಣೆ ಪದಾರ್ಥ ತಿಂದಾಗೆಲ್ಲ ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಂಡು ಬೆನ್ನಿನವರೆಗೆ ಹೋಗುತ್ತಿತ್ತು. ಫೋನಿನಲ್ಲಿ ಯಜಮಾನರಿಗೆ ಆರಾಮ ಇದ್ದೇನೆ ಎನ್ನುತ್ತಿದ್ದೆ. ಇನ್ನೊಬ್ಬ ಡಾಕ್ಟರ ಮುಂದೆ ಕೂತು ಮತ್ತೆ ಅದೇ ಕಥೆ ಹೇಳುವ ಶಕ್ತಿ ಇರಲಿಲ್ಲ.

ಕೊನೆಗೆ ಏಳಲಾರದೆ ಮಲಗಿಬಿಟ್ಟೆ. ಆ ಮಧ್ಯಾಹ್ನ ರತ್ನಮ್ಮ ಬಾಗಿಲು ತಟ್ಟಿದರು.

“ನಿನ್ನೆಯಿಂದ ರೊಟ್ಟಿ ತಟ್ಟೋ ಸದ್ದೇ ಇಲ್ವಲ್ಲ, ಏನಾಯ್ತಮ್ಮ?” ಎಂದವರು ನನ್ನ ಮುಖ ನೋಡಿ ಒಳಗೆ ಬಂದರು. ತಮ್ಮ ಸ್ವೆಟರನ್ನೇ ನನಗೆ ತೊಡಿಸಿ, ಆಟೊ ಹಿಡಿದು ಜಯನಗರಕ್ಕೆ ಕರೆದುಕೊಂಡು ಹೋದರು.

ಅದು ಹಳೆಯ ಮನೆಯೊಂದರ ಮುಂಭಾಗದ ಚಿಕ್ಕ ಕ್ಲಿನಿಕ್ಕು. ರತ್ನಮ್ಮನ ಗಂಡನಿಗೆ ಔಷಧಿ ಕೊಡುತ್ತಿದ್ದ ವಯಸ್ಸಾದ ಡಾಕ್ಟರಮ್ಮ ಒಳಗಿದ್ದರು. ಅವರ ಮುಂದೆ ಕೂತು ನಾನು ಪುಸ್ತಕದ ಕನ್ನಡ ಜೋಡಿಸಿಕೊಳ್ಳುತ್ತ ತಡವರಿಸಿದೆ. ಅವರು ಪೆನ್ನು ಕೆಳಗಿಟ್ಟರು.

“ನಿಮ್ಮೂರಲ್ಲಿ ಹೇಗೆ ಹೇಳ್ತೀರೋ ಹಾಗೇ ಹೇಳಮ್ಮ. ಅರ್ಥ ಆಗ್ದಿದ್ರೆ ನಾನೇ ಮತ್ತೆ ಕೇಳ್ತೀನಿ.”

ಹೇಳುವುದಕ್ಕೆ ಮೊದಲು ಕಣ್ಣೀರು ಬಂತು, ಆಮೇಲೆ ಮಾತು. ಹೇಳಿದೆ, ಎಲ್ಲವನ್ನೂ ಹೇಳಿದೆ. ಅವರು ಎರಡು ಕಡೆ ತಡೆದು ಕೇಳಿದರು, ಪಕ್ಕೆಯ ಕೆಳಗೆ ಒತ್ತಿ ನೋಡಿದರು. ನನ್ನ ಉಸಿರು ಅಲ್ಲೇ ನಿಂತಿತು. ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಬಾವು. ತಡಮಾಡದೆ ಆಪರೇಷನ್ ಆಗಬೇಕು ಎಂದರು.

ವಿಜಯಪುರದಿಂದ ಅಕ್ಕ ಫೋನಿನಲ್ಲೇ ಅತ್ತಳು. “ಗುರ್ತಿಲ್ಲದ ಊರಾಗ ನಿನ್ನ ಯಾರು ನೋಡ್ತಾರವ್ವ? ಇಲ್ಲೇ ಬಾ.” ನನ್ನ ಮನಸ್ಸೂ ಅಲ್ಲಿಗೇ ಎಳೆಯುತ್ತಿತ್ತು. ಆದರೆ ಇಂಥ ಸ್ಥಿತಿಯಲ್ಲಿ ಇಡೀ ರಾತ್ರಿ ರೈಲಿನಲ್ಲಿ ಹೋಗುವುದು ಬೇಡ ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದರು. ರತ್ನಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ನಾನಿದೀನಿ ಕಣಮ್ಮ, ನೀವು ನಿಧಾನಕ್ಕೆ ಹೊರಟು ಬನ್ನಿ” ಎಂದು ಅಕ್ಕನಿಗೆ ಹೇಳಿದರು.

ಯಜಮಾನರು ಬಂದು ಸೇರುವವರೆಗೂ ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದವರು ಅವರೇ. ಗಂಡ ಹೋದ ಮೇಲೆ ಅವರು ಯಾವ ಆಸ್ಪತ್ರೆಗೂ ಕಾಲಿಟ್ಟಿರಲಿಲ್ಲವಂತೆ. ಅದನ್ನು ಆಮೇಲೆ ಅವರ ಮಗಳು ಹೇಳಿದಳು. ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಹಾಸಿಗೆಯ ಒಂದು ಬದಿಗೆ ಅಕ್ಕ, ಇನ್ನೊಂದು ಬದಿಗೆ ರತ್ನಮ್ಮ. ಅಕ್ಕ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ ತಂದಿದ್ದಳು, ರತ್ನಮ್ಮ ಮೆತ್ತಗಿನ ಅನ್ನ, ತಿಳಿಸಾರು ತಂದಿದ್ದರು. ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ನನಗೆ ಖಾರ ಕೊಡಬೇಕೋ ಬೇಡವೋ ಎಂದು ಇಬ್ಬರೂ ಬಹಳ ಹೊತ್ತು ವಾದಿಸಿದರು.

ಚೇತರಿಸಿಕೊಳ್ಳಲು ಅಕ್ಕ ನನ್ನನ್ನು ಊರಿಗೆ ಕರೆದುಕೊಂಡು ಹೋದಳು. ಒಂದು ಸಂಜೆ ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ರತ್ನಮ್ಮನ ಫೋನ್ ಬಂತು. ಸೊಗಡಿನ ಅವರೆಕಾಯಿ ಬಂದಿದೆ, ನಾನು ಬಂದ ಮೇಲೆ ಇಬ್ಬರೂ ಕೂತು ಬಿಡಿಸೋಣ ಎಂದು ತೆಗೆದಿಟ್ಟಿದ್ದಾರಂತೆ. ಫೋನ್ ಇಟ್ಟ ಮೇಲೆ ಯಾರು ಎಂದು ಅಕ್ಕ ಕೇಳಿದಳು. ಮನೆ ಮಾಲೀಕರು ಎನ್ನಬೇಕೆಂದಿದ್ದೆ. ಬಾಯಲ್ಲಿ ಬಂದದ್ದು “ನಮ್ಮ ಆಂಟಿ.”

ಅಕ್ಕನ ಕೈ ಒಂದು ಗಳಿಗೆ ನಿಂತಿತು. “ಹಂಗಾರ ಹೋಗ್ತೀಯೇನು?” ಎಂದಳು.

ನಾನು ಅವಳ ತೊಡೆಯ ಮೇಲೆ ತಲೆ ಇಟ್ಟೆ. ಅವಳು ಮತ್ತೆ ಎಣ್ಣೆ ಹಚ್ಚತೊಡಗಿದಳು. ಅವರೆಕಾಯಿ ಅಲ್ಲಿ ಬಾಡುತ್ತದಲ್ಲ ಎಂಬ ಚಿಂತೆಯಿತ್ತು. ಅಕ್ಕನ ತೊಡೆಯಿಂದ ತಲೆ ಎತ್ತುವ ಮನಸ್ಸೂ ಇರಲಿಲ್ಲ.